ಸವಳು ನೀರಿಗೆ ಲಿಂಬೆ ಸಸಿ ತಯಾರು ಮಾಡುವುದು ಹೇಗೆ?

ವಿಜಯಪುರ ಜಿಲ್ಲೆಯ ಇಂಡಿ ಸೀಮೆ ಲಿಂಬೆಗೆ ಹೆಸರುವಾಸಿ. ಅದೇ ಜಿಲ್ಲೆಯ ಡೋಣಿ ಹೊಳೆಯ ನೀರು ಮಾತ್ರ ಸವಳು. ಲಿಂಬೆಗೂ ಉಪ್ಪಿಗೂ ಆಗಿಬರುವುದಿಲ್ಲ. ಇಂಥ ಕಡೆ ನೆರವಿಗೆ ಬರುವುದು ಬೇರಿನೊಳಗೆ ನೆಲೆಸುವ ಮೈಕೊರೈಜಾ ಶಿಲೀಂಧ್ರ, ರೈತರ ಬಾಯಲ್ಲಿ ‘ವ್ಯಾಮ್’. ಇದು ನೀರಿನ ಉಪ್ಪನ್ನು ತೆಗೆಯುವುದಿಲ್ಲ. ಬೇರಿಗೆ ಎಟುಕದ ಮಣ್ಣಿನಿಂದ ರಂಜಕ, ಸತು, ನೀರು ಎಳೆದು ತರುತ್ತದೆ. ಸೋಡಿಯಂ ಕಾಟದ ನಡುವೆಯೂ ಎಲೆಗೆ ಪೊಟ್ಯಾಷ್ ಸಿಗುವಂತೆ ನೋಡಿಕೊಳ್ಳುತ್ತದೆ.

ಮೊದಲು ಬೋರ್ ನೀರಿನ ಇಸಿ (ನೀರಿನಲ್ಲಿ ಉಪ್ಪು ಎಷ್ಟಿದೆ ಎಂದು ತಿಳಿಸುವ ವಿದ್ಯುತ್ ವಾಹಕತೆ) ಪರೀಕ್ಷೆ ಮಾಡಿಸಿ. ಅದು ಮೀಟರಿಗೆ 1 ಡೆಸಿಸೀಮೆನ್ಸ್ (dS/m) ಆಸುಪಾಸಿದ್ದರೆ ಚಿಂತೆಯಿಲ್ಲ. 3 ದಾಟಿದ್ದರೆ ಯಾವ ಶಿಲೀಂಧ್ರವನ್ನೂ ನಂಬಿ ಲಿಂಬೆ ನೆಡಬೇಡಿ. ಬಾರಿಹಣ್ಣೋ ದಾಳಿಂಬೆಯೋ ವಾಸಿ. ವ್ಯಾಮ್‌ನ ಲಾಭ ಕಾಣುವುದು ಇವೆರಡರ ನಡುವೆ.

ನಿಜವಾದ ಕೆಲಸ ಇರುವುದು ಸಸಿಮಡಿಯಲ್ಲಿ. ಬೆಳೆದ ಮರದ ಬುಡಕ್ಕೆ ವ್ಯಾಮ್ ಪುಡಿ ಎರಚುವವರೇ ಹೆಚ್ಚು. ಆದರೆ ಉಪ್ಪು ಮಣ್ಣಿನಲ್ಲಿ ಇದರ ಬೀಜಕಗಳು ಮೊಳೆಯುವುದೇ ನಿಧಾನ. ಆದ್ದರಿಂದ ಸಸಿಯನ್ನು ಪಾಲಿಥೀನ್ ಚೀಲಕ್ಕೆ ದಾಟಿಸುವಾಗಲೇ, ಬೇರಿಗೆ ತಾಗುವಂತೆ 5ರಿಂದ 10 ಗ್ರಾಂ ವ್ಯಾಮ್ ಹಾಕಿ. ಮೇಲೆ ಉದುರಿಸಿದರೆ ಸಾಲದು. ಆಮೇಲಿನ ಎರಡು ತಿಂಗಳಾದರೂ ಮಳೆನೀರು ಅಥವಾ ಸಿಹಿನೀರನ್ನೇ ಕೊಡಿ. ಬೇರಿನೊಳಗೆ ಶಿಲೀಂಧ್ರ ನೆಲೆಯೂರಿದ ಬಳಿಕ ಸವಳು ನೀರನ್ನು ಸ್ವಲ್ಪ ಸ್ವಲ್ಪವೇ ಬೆರೆಸುತ್ತ ಹೋಗಿ.

ಈ ಅವಧಿಯಲ್ಲಿ ರಂಜಕ ಹೆಚ್ಚಿರುವ ಡಿಎಪಿ ಗೊಬ್ಬರ ಸುರಿಯಬೇಡಿ. ರಂಜಕ ಧಾರಾಳವಾಗಿ ಸಿಕ್ಕರೆ ಗಿಡ ಶಿಲೀಂಧ್ರವನ್ನು ಹತ್ತಿರ ಸೇರಿಸುವುದಿಲ್ಲ. ಮಣ್ಣಿಗೆ ಕಾರ್ಬೆಂಡಜಿಂನಂಥ ಶಿಲೀಂಧ್ರನಾಶಕ ಸುರಿಯುವುದೂ ಬೇಡ.

ವ್ಯಾಮ್ ಜೀವಂತ ಬೇರಿನಲ್ಲಷ್ಟೇ ಬೆಳೆಯುತ್ತದೆ. ಹಾಗಾಗಿ ಒಂದು ಬೆಳೆಯ ಬೇರಿನಲ್ಲಿ ಅದನ್ನು ಮನೆಯಲ್ಲೇ ಹೆಚ್ಚಿಸಿಕೊಳ್ಳಬಹುದು. ಒಂದು ಮೀಟರ್ ಉದ್ದ, ಅಷ್ಟೇ ಅಗಲ, ಒಂದಡಿ ಆಳದ ಗುಂಡಿಗೆ ಪ್ಲಾಸ್ಟಿಕ್ ಹಾಳೆ ಹಾಸಿ, ವರ್ಮಿಕ್ಯುಲೈಟ್ (ಕಾಯಿಸಿ ಉಬ್ಬಿಸಿದ ಹಗುರ ಖನಿಜ) ಜೊತೆ ಸ್ವಲ್ಪ ಕ್ರಿಮಿಮುಕ್ತಗೊಳಿಸಿದ ಮಣ್ಣು ತುಂಬಿ. ಮೇಲ್ಪದರದ ಕೆಳಗೆ ಒಂದು ಕಿಲೋ ವ್ಯಾಮ್ ಹರಡಿ, ಮೆಕ್ಕೆಜೋಳ ಬಿತ್ತಿ. 60 ದಿನಕ್ಕೆ ದಂಟು ಕೊಯ್ದು, ಬೇರುಗಳನ್ನು ಸಣ್ಣಗೆ ಕತ್ತರಿಸಿ ಮಣ್ಣಿನೊಂದಿಗೆ ಕಲಸಿದರೆ ಮುಗಿಯಿತು. ಮೆಕ್ಕೆಜೋಳದ ಬದಲು ಸಾಸಿವೆ ಹಾಕಬೇಡಿ, ಅದರ ಬೇರಿಗೆ ವ್ಯಾಮ್ ಹತ್ತುವುದಿಲ್ಲ.

ತೋಟದಲ್ಲಿ ನೆಟ್ಟ ಮೇಲೆ ಹನಿ ನೀರಾವರಿಯಲ್ಲಿ ಮೇಲಿಂದ ಮೇಲೆ ನೀರು ಕೊಡಿ, ಬುಡಕ್ಕೆ ರವದಿ (ಕಬ್ಬಿನ ಒಣ ಎಲೆ) ಹೊದಿಸಿ. ಒದ್ದೆ ವೃತ್ತದ ಅಂಚಿನಲ್ಲಿ ಉಪ್ಪು ಕೂರುತ್ತದೆ. ಮಳೆಗಾಲದ ಮೊದಲ ಹನಿಗಳು ಅದನ್ನು ಬೇರಿನತ್ತ ತಳ್ಳುತ್ತವೆ. ಸಣ್ಣ ಮಳೆ ಬಂತೆಂದು ಡ್ರಿಪ್ ನಿಲ್ಲಿಸಬೇಡಿ.