ಹಳೆಯ ವಾಷಿಂಗ್ ಮೆಷಿನ್‌ಗೆ ಮರುಜೀವ: ಮೊದಲು ಬಿಚ್ಚಿ, ಆಮೇಲೆ ಪ್ಲಗ್ ಚುಚ್ಚಿ

ದಶಕಗಳ ಕಾಲ ಮೂಲೆ ಸೇರಿದ್ದ ವಾಷಿಂಗ್ ಮೆಷಿನ್ ಕೈಗೆ ಸಿಕ್ಕಿದ ಕೂಡಲೇ ಪ್ಲಗ್ ಚುಚ್ಚಿ ನೋಡುವ ಆಸೆ ಯಾರಿಗೂ ಆಗುತ್ತದೆ. ಆ ಆಸೆಯೇ ಎಷ್ಟೋ ಒಳ್ಳೆಯ ಮೋಟರ್‌ಗಳನ್ನು ಸುಟ್ಟಿದೆ. ಒಳಗೆ ಗ್ರೀಸ್ ಮೇಣದಂತೆ ಗಟ್ಟಿಯಾಗಿರುತ್ತದೆ, ವೈರಿನ ರಬ್ಬರ್ ಮುಟ್ಟಿದರೆ ಉದುರುತ್ತದೆ, ಮೋಟರಿನ ಗಾಳಿಕಿಂಡಿಯಲ್ಲಿ ಇಲಿ ಗೂಡು ಕಟ್ಟಿರುತ್ತದೆ. ತಿರುಗಲಾಗದ ಮೋಟರ್ ನಿಂತಲ್ಲೇ ಗುಂಯ್‌ಗುಟ್ಟತೊಡಗಿದರೆ ಸ್ಟಾರ್ಟ್ ವೈಂಡಿಂಗ್ (ಮೋಟರನ್ನು ಹೊರಡಿಸುವ ತಂತಿಸುರುಳಿ) ಸುಡಲು ಹೆಚ್ಚು ಹೊತ್ತು ಬೇಡ. ಆದ್ದರಿಂದ ಕೆಲಸದ ಕ್ರಮ ಹೀಗಿರಲಿ: ಮೊದಲು ಕೈಯಿಂದ ತಿರುಗಬೇಕು, ಆಮೇಲೆ ಕರೆಂಟು, ಕೊನೆಗೆ ನೀರು.

ಕೊಳ್ಳುವಾಗ

ಹೊಸಬರಿಗೆ ರಿಂಗರ್ ಮೆಷಿನ್ ಒಳ್ಳೆಯದು. ಟೈಮರ್ ಇಲ್ಲ, ವಾಲ್ವ್ ಇಲ್ಲ. ಮೋಟರ್, ಗೇರ್‌ಬಾಕ್ಸ್, ಟಬ್ಬಿನ ನಡುವೆ ನಿಂತು ಬಟ್ಟೆ ಕಲಕುವ ರೆಕ್ಕೆಗಳ ಅಜಿಟೇಟರ್ ಮತ್ತು ಬಟ್ಟೆ ಹಿಂಡುವ ಎರಡು ರೋಲರ್, ಅಷ್ಟೇ. ಅಮೆರಿಕದ ಮೇಟ್ಯಾಗ್ ಕಂಪನಿ 1983ರವರೆಗೂ ಇವನ್ನು ತಯಾರಿಸುತ್ತಿತ್ತು. ಆಟೊಮ್ಯಾಟಿಕ್ ಬೇಕೆನ್ನುವವರು ವರ್ಲ್‌ಪೂಲ್ ಮತ್ತು ಕೆನ್‌ಮೋರ್ ಹೆಸರಿನಲ್ಲಿ ಬಂದ ಬೆಲ್ಟ್-ಡ್ರೈವ್ ಟಾಪ್ ಲೋಡರ್ ಹುಡುಕಬಹುದು. 1940ರ ದಶಕದ ಕೊನೆಯಿಂದ 1980ರ ದಶಕದವರೆಗೆ ಅದರ ಮೂಲ ವಿನ್ಯಾಸ ಹೆಚ್ಚು ಬದಲಾಗಲಿಲ್ಲ, ಹಾಗಾಗಿ ಒಂದರ ಬಿಡಿಭಾಗ ಇನ್ನೊಂದಕ್ಕೆ ಹೊಂದುವ ಸಾಧ್ಯತೆ ಹೆಚ್ಚು. 1937ರ ಬೆಂಡಿಕ್ಸ್ ಫ್ರಂಟ್ ಲೋಡರ್ ಇತಿಹಾಸದಲ್ಲಿ ದೊಡ್ಡ ಹೆಸರು. ಆದರೆ ಅದರ ಡ್ರಮ್ಮಿಗೆ ಸ್ಪ್ರಿಂಗ್ ತೂಗು ಇಲ್ಲದ್ದರಿಂದ ನೆಲಕ್ಕೆ ಬೋಲ್ಟ್ ಹಾಕಿ ಬಿಗಿಯಬೇಕು. ಅಜಿಟೇಟರ್ ಮೇಲೆ ಕೆಳಗೆ ಕುಪ್ಪಳಿಸುವ ಫ್ರಿಜಿಡೇರ್ ಯಂತ್ರಗಳು ನೋಡಲು ಚೆಂದ, ಮೊದಲ ರಿಪೇರಿಗೆ ಮಾತ್ರ ಬೇಡ.

ಮಾರುವವರು ಹೇಳುವ 'ಓಡುತ್ತೆ' ಎಂಬ ಮಾತಿಗೆ ಹೆಚ್ಚು ಬೆಲೆ ಕೊಡಬೇಡಿ. ಒಣ ಜಾಗದಲ್ಲಿ ಜಾಮ್ ಆಗಿ ಕೂತ ಯಂತ್ರ, ನಿನ್ನೆಯವರೆಗೂ ಓಡುತ್ತಾ ಬೇರಿಂಗಿಗೆ ನೀರು ಕುಡಿಸಿದ ಯಂತ್ರಕ್ಕಿಂತ ಎಷ್ಟೋ ಮೇಲು. ಟಾರ್ಚ್ ಹಿಡಿದು ಟಬ್ಬಿನ ಮಧ್ಯದ ನಟ್ ಸುತ್ತ, ವೆಲ್ಡ್ ಆದ ಕಡೆ ಮತ್ತು ತಳದ ಚೌಕಟ್ಟು ನೋಡಿ. ತುಕ್ಕು ಮೇಲ್ಮೈಯಲ್ಲಿದ್ದರೆ ಸರಿ. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದಾಗ ತಗಡು ಒಳಗೆ ಹೋದರೆ ಬಿಟ್ಟುಬಿಡಿ. ಗಾಜಿನ ಎನಾಮೆಲ್ ಕರಗಿ ಲೋಹಕ್ಕೆ ಹಿಡಿಯಲು ಸುಮಾರು 800 ಡಿಗ್ರಿ ಸೆಲ್ಸಿಯಸ್ ಕುಲುಮೆ ಬೇಕು, ಮನೆಯಲ್ಲಿ ಆಗದ ಕೆಲಸ. ಎಪಾಕ್ಸಿ ಬಣ್ಣ ಹೊರಗಿನ ಕವಚಕ್ಕೆ ಸಾಕು, ಬಿಸಿನೀರು ಸೋಪು ಕಾಣುವ ಟಬ್ಬಿನೊಳಗೆ ಬಹಳ ದಿನ ನಿಲ್ಲದು. ಸತುವಿನ ಎರಕದ ಪುಲ್ಲಿ, ಬ್ರಾಕೆಟ್‌ಗಳಲ್ಲಿ ಕೂದಲೆಳೆಯ ಬಿರುಕು ಇದೆಯೇ ನೋಡಿ. ಅವಕ್ಕೆ ಸುತ್ತಿಗೆ ತಾಗಿಸಲೇಬೇಡಿ. ಅಜಿಟೇಟರ್, ಟೈಮರ್, ನಾಬ್, ರಿಂಗರಿನ ರಿಲೀಸ್ ಪಟ್ಟಿ (ತಟ್ಟಿದರೆ ರೋಲರ್‌ಗಳನ್ನು ಬೇರೆ ಮಾಡುವುದು) ಎಲ್ಲ ಇದ್ದರೆ ಅರ್ಧ ಗೆದ್ದಂತೆ. ಬೆಲ್ಟು, ಸೀಲು (ಸೋರಿಕೆ ತಡೆಯುವ ರಬ್ಬರ್ ಉಂಗುರ), ಬೇರಿಂಗು ಅಳತೆ ಕೊಟ್ಟರೆ ಸಿಗುತ್ತವೆ, ಅಜಿಟೇಟರ್, ನಾಬ್‌ನಂಥವು ಸಿಗುವುದಿಲ್ಲ.

ಅಮೆರಿಕದ ಯಂತ್ರ 120 ವೋಲ್ಟ್, 60 ಹರ್ಟ್ಸ್‌ನದ್ದು. 50 ಹರ್ಟ್ಸ್ ಇರುವ ಕಡೆ ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆಯೇ ಹೊರತು ಆವರ್ತನವನ್ನು ಬದಲಿಸುವುದಿಲ್ಲ. ನಿಮಿಷಕ್ಕೆ 1725 ಸುತ್ತಿನ ಮೋಟರ್ 1425ರ ಆಸುಪಾಸಿಗೆ ಇಳಿಯುತ್ತದೆ, ಟೈಮರ್ ನಿಧಾನವಾಗುತ್ತದೆ, ಮೋಟರ್ ಬಿಸಿಯೇರುತ್ತದೆ. 120ರ ಬದಲು 100 ವೋಲ್ಟಿನ ಸುಮಾರಿಗೆ ಕೊಟ್ಟರೆ ಬಿಸಿ ಹತೋಟಿಗೆ ಬರುತ್ತದೆ, ವೇಗ ಮಾತ್ರ ಹೆಚ್ಚುವುದಿಲ್ಲ.

ಸಾಗಿಸುವಾಗ ನೆಟ್ಟಗೇ ಇರಲಿ. ಮಲಗಿಸಿದರೆ ಗೇರ್‌ಬಾಕ್ಸ್ ಎಣ್ಣೆ ಸೋರಿ ಬೆಲ್ಟ್, ಬ್ರೇಕ್‌ಗೆ ಹರಡುತ್ತದೆ. ತೂಗಾಡುವ ಟಬ್ಬನ್ನು ಹೊರಕವಚಕ್ಕೆ ಕಟ್ಟಿಯೇ ಎತ್ತಿ.

ಬಿಚ್ಚುವ ಮೊದಲು

ಪ್ರತಿ ವೈರಿನ ಫೋಟೊ ತೆಗೆದು, ಟೇಪು ಸುತ್ತಿ ಗುರುತು ಬರೆಯಿರಿ. ಪ್ಲಗ್ ತೆಗೆದ ಮೇಲೂ ವಿದ್ಯುತ್ ಹಿಡಿದಿಡಬಲ್ಲ ಕೆಪಾಸಿಟರ್ ಇದ್ದರೆ 10 ಕಿಲೋ ಓಮ್, 5 ವ್ಯಾಟಿನ ರೆಸಿಸ್ಟರನ್ನು ಇನ್ಸುಲೇಷನ್ ಇರುವ ಇಕ್ಕಳದಿಂದ ಅದರ ಎರಡು ತುದಿಗೆ ಹದಿನೈದು ಸೆಕೆಂಡ್ ಹಿಡಿದು, ಮೀಟರಿನಿಂದ ಸೊನ್ನೆ ನೋಡಿದ ಮೇಲೆಯೇ ಮುಟ್ಟಿ. ಎಣ್ಣೆ ತುಂಬಿದ ಹಳೆಯ ಕೆಪಾಸಿಟರ್‌ಗಳಲ್ಲಿ ಪಿಸಿಬಿ ಎಂಬ ವಿಷಕಾರಿ ದ್ರವ ಇರಬಹುದು. ಅಮೆರಿಕದಲ್ಲಿ ಅದರ ತಯಾರಿಕೆ ನಿಷೇಧವಾದದ್ದು 1979ರಲ್ಲಿ. ಉಬ್ಬಿದ್ದನ್ನು, ಸೋರುವುದನ್ನು ಒಡೆಯದೆ ಅಪಾಯಕಾರಿ ತ್ಯಾಜ್ಯವಾಗಿ ವಿಲೇವಾರಿ ಮಾಡಿ. ಬ್ರೇಕ್ ಲೈನಿಂಗ್, ಬಟ್ಟೆ ಒಣಗಿಸುವ ಡ್ರೈಯರಿನ ಹೀಟರಿನ ಸುತ್ತಲ ಬಿಳಿ ಹಾಳೆ, ಹೀಟರಿನ ನಾರುಹೊದಿಕೆ ವೈರುಗಳಲ್ಲಿ ಶ್ವಾಸಕೋಶಕ್ಕೆ ಅಪಾಯಕಾರಿ ನಾರಾದ ಆಸ್ಬೆಸ್ಟಾಸ್ ಇರಬಹುದು. ಸಂಶಯ ಬಂದರೆ ಉಜ್ಜಬೇಡಿ, ಗಾಳಿ ಹೊಡೆಯಬೇಡಿ, ಪರೀಕ್ಷೆ ಮಾಡಿಸಿ.

ಅಜಿಟೇಟರ್ ಎಂಬ ಮೊಂಡ

ಹೆಚ್ಚಿನವರು ಸೋಲುವುದು ಇಲ್ಲಿ. ಅಜಿಟೇಟರ್ ಕೂರುವುದು ಹಲ್ಲುಗಳಿರುವ ಶಾಫ್ಟ್ ಮೇಲೆ. ವರ್ಷಗಟ್ಟಲೆ ತೆಗೆಯದಿದ್ದರೆ ಸೋಪಿನ ಕೆಸರು, ಸುಣ್ಣ, ತುಕ್ಕು ಸೇರಿ ಎರಡೂ ಒಂದಾಗಿಬಿಡುತ್ತವೆ. ಮೇಲಿನ ಕ್ಯಾಪ್ ಅಥವಾ ನಟ್ ಬಿಚ್ಚಿ, ಬುಡದಲ್ಲಿ ಸೆಟ್ ಸ್ಕ್ರೂ ಅಡಗಿದೆಯೇ ಎಂದು ಮೊದಲು ನೋಡಿ. ನಂತರ ಅಜಿಟೇಟರಿನ ಬುಡ ಮುಳುಗುವಂತೆ ಬಿಸಿನೀರು ಹಾಕಿ 15–20 ನಿಮಿಷ ಬಿಡಿ. ಪ್ಲಾಸ್ಟಿಕ್ ಲೋಹಕ್ಕಿಂತ ಹೆಚ್ಚು ಹಿಗ್ಗುತ್ತದೆ, ಕೆಸರೂ ಮೆತ್ತಗಾಗುತ್ತದೆ. ಅಗಲವಾದ ಪಟ್ಟಿಯನ್ನು ರೆಕ್ಕೆಗಳ ಕೆಳಗೆ ಹಾಯಿಸಿ, ಎರಡೂ ತುದಿ ಹಿಡಿದು ನೇರ ಮೇಲಕ್ಕೆ ಜಗ್ಗಿ. ಬರದಿದ್ದರೆ ನೀರು ತೆಗೆದು, ಶಾಫ್ಟ್ ತುದಿಯಿಂದ ಪೆನಿಟ್ರೇಟಿಂಗ್ ಆಯಿಲ್ ಇಳಿಬಿಟ್ಟು ರಾತ್ರಿಯಿಡೀ ಬಿಡಿ, ಮತ್ತೆ ಬಿಸಿನೀರು. ಎರಡು ಮೂರು ಸುತ್ತು ಬೇಕಾಗಬಹುದು. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಬೇಕಲೈಟ್ ಎಂಬ ಹಳೆಯ ಗಡಸು ಪ್ಲಾಸ್ಟಿಕ್ಕಿನ ಅಜಿಟೇಟರಿನ ಅಂಚು ಚಕ್ಕೆಯೆದ್ದು ಹೋಗುತ್ತದೆ. ಬೇಕಲೈಟಿಗೆ ಕುದಿನೀರೂ ಬೇಡ, ಕೈ ತಾಳುವಷ್ಟು ಬಿಸಿ ಸಾಕು. ಹೊರಬಂದ ಮೇಲೆ ಹಲ್ಲುಗಳನ್ನು ಬ್ರಷ್‌ನಿಂದ ತಿಕ್ಕಿ, ನೀರಿಗೆ ಕರಗದ ಗ್ರೀಸನ್ನು ತೆಳ್ಳಗೆ ಸವರಿ.

ಗೇರ್‌ಬಾಕ್ಸ್, ಸೀಲ್, ಬೇರಿಂಗ್

ಎಣ್ಣೆ ಇಳಿಸಿ ಬಣ್ಣ ನೋಡಿ. ಕಪ್ಪಾಗಿದ್ದರೆ ಹಳತಾಗಿದೆ ಅಷ್ಟೇ. ಬೆಳ್ಳಗೆ ನೊರೆಗಟ್ಟಿದ್ದರೆ ನೀರು ಸೇರಿದೆ, ಅಂದರೆ ಶಾಫ್ಟಿನ ಮೇಲಿನ ಸೀಲ್ ಹೋಗಿದೆ. ಎಣ್ಣೆ ಮಾತ್ರ ಬದಲಿಸಿ ಮುಚ್ಚಿದರೆ ಕೆಲವು ತಿಂಗಳಲ್ಲಿ ಅದೇ ಕಥೆ. ಸೀಮೆಎಣ್ಣೆಯಲ್ಲಿ ತೊಳೆದು, ಬೇರಿಂಗನ್ನು ಕೈಯಲ್ಲಿ ಹಿಡಿದು ನಿಧಾನವಾಗಿ ತಿರುಗಿಸಿ; ಮರಳು ಸಿಕ್ಕಂತೆ ಕರಕರ ಎಂದರೆ ಬದಲಿಸಿ. ಸೀಲಿನ ಒಳವ್ಯಾಸ, ಹೊರವ್ಯಾಸ, ದಪ್ಪ, ಈ ಮೂರನ್ನು ವರ್ನಿಯರ್‌ನಲ್ಲಿ ಅಳೆದರೆ ಕಂಪನಿಯ ಹೆಸರಿನ ಹಂಗಿಲ್ಲದೆ ಹೊಸದು ಹುಡುಕಬಹುದು.

ಹೊಸ ಸೀಲ್ ಹಾಕುವ ಮುನ್ನ ಶಾಫ್ಟಿನ ಮೇಲೆ ಉಗುರು ಎಳೆದು ನೋಡಿ. ಹಳೆಯ ಸೀಲಿನ ತುಟಿ ಉಜ್ಜಿ ಮಾಡಿದ ಗೆರೆಗೆ ಉಗುರು ಸಿಕ್ಕಿಕೊಂಡರೆ ಹೊಸದೂ ಸೋರುತ್ತದೆ. ಜಾಗವಿದ್ದರೆ ಸೀಲನ್ನು ಎರಡು ಮೂರು ಮಿಲಿಮೀಟರ್ ಆಚೀಚೆ ಕೂರಿಸಿ, ಇಲ್ಲವಾದರೆ ತೆಳು ಸ್ಟೀಲ್ ಸ್ಲೀವ್ ತೊಡಿಸಿ. ಎಣ್ಣೆಯ ದರ್ಜೆ ಮತ್ತು ಪ್ರಮಾಣ ಆ ಮಾಡೆಲಿನ ಸರ್ವಿಸ್ ಮ್ಯಾನ್ಯುಯಲ್ ಹೇಳಿದಂತೆಯೇ ಇರಲಿ. ಇಳಿಸಿದ ಎಣ್ಣೆಯನ್ನು ಅಳೆದು ಅಷ್ಟೇ ಹಾಕುವುದು ತಪ್ಪು, ಏಕೆಂದರೆ ಅದರಲ್ಲಿ ಎಷ್ಟು ಸೋರಿಹೋಗಿತ್ತೋ ಯಾರಿಗೆ ಗೊತ್ತು? ಕಂಚಿನ ಬುಷ್ ಇರುವ ಗೇರ್‌ಬಾಕ್ಸಿಗೆ ಕಾರಿನ ಡಿಫರೆನ್ಷಿಯಲ್ ಎಣ್ಣೆ ಸುರಿಯಬೇಡಿ, ಅದರ ಗಂಧಕದ ಸೇರ್ಪಡೆ ಹಳದಿ ಲೋಹವನ್ನು ತಿನ್ನಬಹುದು.

ಬೆಲ್ಟನ್ನು ನಡುವೆ ಬೆರಳಿನಿಂದ ಒತ್ತಿದರೆ ಸುಮಾರು 12 ಮಿಲಿಮೀಟರ್ ಬಗ್ಗಬೇಕು. ಬಿಗಿ ಹೆಚ್ಚಾದರೆ ಮೋಟರ್ ಬೇರಿಂಗ್ ಹೋಗುತ್ತದೆ, ಸಡಿಲವಾದರೆ ಜಾರಿ ಸುಟ್ಟ ವಾಸನೆ ಬರುತ್ತದೆ.

ರಿಂಗರ್ ಇದ್ದರೆ ಅದರ ರಿಲೀಸ್ ಕೆಲಸ ಮಾಡದೆ ಯಂತ್ರ ಓಡಿಸಲೇಬಾರದು. ಬೆರಳಲ್ಲ, ತೋಳೇ ಒಳಗೆ ಹೋಗುತ್ತದೆ. ದಪ್ಪ ಟವೆಲ್ ಅರ್ಧ ಸಾಗುವಾಗ ಪಟ್ಟಿಯನ್ನು ತಟ್ಟಿ. ರೋಲರ್‌ಗಳು ಆ ಕ್ಷಣವೇ ಬೇರೆಯಾಗಬೇಕು. ಗಟ್ಟಿಯಾಗಿ ಬಿರಿದ ರೋಲರಿಗೆ ಯಾವ ಎಣ್ಣೆಯೂ ಮದ್ದಲ್ಲ. ಪ್ರಿಂಟಿಂಗ್ ಪ್ರೆಸ್ ರೋಲರಿಗೆ ರಬ್ಬರ್ ಹೊದಿಸುವವರ ಬಳಿ ಹೊಸದು ಹೊದಿಸಿ.

ಕರೆಂಟು

ಬಟ್ಟೆ ಅಥವಾ ರಬ್ಬರ್ ಹೊದಿಕೆಯ ವೈರು ನೋಡಲು ಚೆನ್ನಾಗಿದ್ದರೂ ಬಾಗಿಸಿದಾಗ ಬಿರಿದರೆ ಪೂರ್ತಿ ಬದಲಿಸಿ. ಎರಡು ಪಿನ್ನಿನ ಕೇಬಲ್ ತೆಗೆದು ಮೂರು ಎಳೆಯದ್ದು ಹಾಕಿ, ಅರ್ಥ್ ವೈರನ್ನು ಬಣ್ಣ ಕೆರೆದ ಲೋಹಕ್ಕೆ ನಕ್ಷತ್ರ ವಾಷರಿನೊಂದಿಗೆ ಬಿಗಿಯಿರಿ. ಮೋಟರ್ ವೈಂಡಿಂಗಿಗೂ ದೇಹಕ್ಕೂ ನಡುವಿನ ಇನ್ಸುಲೇಷನ್ನನ್ನು 500 ವೋಲ್ಟ್ ಮೆಗ್ಗರ್‌ನಲ್ಲಿ ಅಳೆದಾಗ ಕನಿಷ್ಠ 1 ಮೆಗಾಓಮ್ ಬರಬೇಕು. ಕಡಿಮೆ ಬಂದರೆ 60 ಡಿಗ್ರಿ ಸುಮಾರಿನ ಬೆಚ್ಚಗಿನ ಜಾಗದಲ್ಲಿ ಒಂದು ದಿನ ಒಣಗಿಸಿ ಮತ್ತೆ ಅಳೆಯಿರಿ. ಬಹಳ ಸಲ ತೇವವೇ ಕಾರಣ.

ಸೆಂಟ್ರಿಫ್ಯೂಗಲ್ ಸ್ವಿಚ್‌ನ ಕಾಂಟ್ಯಾಕ್ಟನ್ನು ಸಣ್ಣ ಫೈಲಿನಿಂದ ಹಗುರವಾಗಿ ಉಜ್ಜಿ. ಮೋಟರ್ ವೇಗ ಪಡೆದ ಮೇಲೆ ಸ್ಟಾರ್ಟ್ ವೈಂಡಿಂಗನ್ನು ಕಡಿಯುವುದು ಇದೇ ಸ್ವಿಚ್. ಅದು ಅಂಟಿಕೊಂಡರೆ ಸ್ಟಾರ್ಟ್ ವೈಂಡಿಂಗ್ ಸರ್ಕ್ಯೂಟಿನಲ್ಲೇ ಉಳಿದು ಸುಡುತ್ತದೆ. ಮೋಟರ್ ಆಫ್ ಮಾಡಿ ವೇಗ ಇಳಿಯುವಾಗ 'ಟಕ್' ಎಂದರೆ ಸ್ವಿಚ್ ಸರಿಯಿದೆ.

ಮೊದಲ ಬಾರಿ ಸಂಪರ್ಕ ಕೊಡುವಾಗ 100 ವ್ಯಾಟಿನ ತಂತುಬಲ್ಬನ್ನು ಸರಣಿಯಲ್ಲಿ ಹಾಕಿ, ಸೋರಿಕೆಯಾದರೆ ಕರೆಂಟು ಕಡಿಯುವ 30 ಮಿಲಿ ಆಂಪಿಯರ್ ಆರ್‌ಸಿಡಿ ಇರುವ ಸಾಕೆಟ್‌ನಿಂದ ಕೊಡಿ. ಮೋಟರಿನ ತಂತಿಯನ್ನು ಬೇರ್ಪಡಿಸಿಟ್ಟಾಗಲೂ ಬಲ್ಬ್ ಪೂರ್ತಿ ಉರಿದರೆ ಎಲ್ಲೋ ಶಾರ್ಟ್ ಇದೆ. ಮೋಟರ್ ಜೋಡಿಸಿದಾಗ ಬಲ್ಬ್ ಉರಿಯುವುದು ಸಹಜ. ಬಲ್ಬಿನ ಮೂಲಕ ಮೋಟರ್ ಓಡಲಿ ಎಂದು ಕಾಯಬೇಡಿ.

ಟೈಮರ್ ನಾಬನ್ನು ಗಡಿಯಾರದ ದಿಕ್ಕಿನಲ್ಲಿ ಮಾತ್ರ ತಿರುಗಿಸಿ. ಉಲ್ಟಾ ತಿರುಗಿಸಿದರೆ ಎಷ್ಟೋ ಮಾಡೆಲ್‌ಗಳಲ್ಲಿ ಒಳಗಿನ ಕ್ಯಾಮ್ (ಉಬ್ಬುತಗ್ಗಿನ ಚಕ್ರ) ಮೇಲಿನ ಕಾಂಟ್ಯಾಕ್ಟ್ ಪಟ್ಟಿ ಬಾಗುತ್ತದೆ. ವಾಟರ್ ವಾಲ್ವ್‌ನ ಜಾಲರಿಯನ್ನು ಸಿಟ್ರಿಕ್ ಆಮ್ಲದ ದ್ರಾವಣದಲ್ಲಿ ನೆನೆಸಿದರೆ ಸುಣ್ಣ ಬಿಡುತ್ತದೆ. ಹೋಸ್‌ಗಳೆಲ್ಲ ಹೊಸದಿರಲಿ, ಇದರಲ್ಲಿ ಉಳಿತಾಯ ಬೇಡ.

ಡ್ರೈಯರ್

ಯಂತ್ರವಾಗಿ ಇದು ಸುಲಭ, ಬೆಂಕಿಯ ದೃಷ್ಟಿಯಿಂದ ಕಷ್ಟ. ಹಿಂಬದಿ ತಗಡು ಬಿಚ್ಚಿ ಹೀಟರ್ ಪೆಟ್ಟಿಗೆ, ಫ್ಯಾನ್, ಡಕ್ಟ್, ಮೋಟರಿನ ಒಳಗೂ ಸೇರಿದ ನೂಲುಧೂಳನ್ನು ಪೂರ್ತಿ ತೆಗೆಯಿರಿ. 240 ವೋಲ್ಟ್, 5400 ವ್ಯಾಟಿನ ಹೀಟರ್ ಸುಮಾರು 10.7 ಓಮ್ ತೋರಿಸಬೇಕು; ಕಾಯಿಲಿಗೂ ಪೆಟ್ಟಿಗೆಗೂ ನಡುವೆ ಯಾವ ರೀಡಿಂಗೂ ಬರಬಾರದು. ಜೋತುಬಿದ್ದ ಕಾಯಿಲ್ ತಗಡಿಗೆ ತಾಗಿದರೆ ಥರ್ಮೋಸ್ಟಾಟ್ ಆಫ್ ಮಾಡಿದ ಮೇಲೂ ಕಾದೇ ಇರಬಹುದು. ಹೀಟರ್ ವೈರಿಗೆ ಬೆಸುಗೆ ಹಾಕಬೇಡಿ, ಬಿಸಿಗೆ ಬಿಟ್ಟುಕೊಳ್ಳುತ್ತದೆ; ಹೆಚ್ಚಿನ ಉಷ್ಣ ತಾಳುವ ವೈರು ಮತ್ತು ಕ್ರಿಂಪ್ ಟರ್ಮಿನಲ್ ಬಳಸಿ. ಅತಿ ಬಿಸಿಯಾದರೆ ಹೀಟರ್ ನಿಲ್ಲಿಸುವ ಹೈ-ಲಿಮಿಟ್ ಥರ್ಮೋಸ್ಟಾಟನ್ನು ಪರೀಕ್ಷೆಗೆಂದು ಒಂದು ನಿಮಿಷವೂ ಬೈಪಾಸ್ ಮಾಡಬಾರದು. ಡ್ರಮ್ಮಿನ ಅಂಚಿನ ಫೆಲ್ಟ್ ಸವೆದಿದ್ದರೆ ಧೂಳು ಹೀಟರ್ ಕಡೆ ನುಗ್ಗುತ್ತದೆ, ಆದ್ದರಿಂದ ಅದೂ ಸುರಕ್ಷತೆಯ ಭಾಗವೇ. ಬಿಸಿಗಾಳಿ ಹೊರಹೋಗಲು 100 ಮಿಲಿಮೀಟರಿನ ಗಟ್ಟಿ ಲೋಹದ ಕೊಳವೆ ಹಾಕಿ, ಪ್ಲಾಸ್ಟಿಕ್ ಬೇಡ. ಗ್ಯಾಸ್ ಡ್ರೈಯರಿನ ಬರ್ನರ್ ಮತ್ತು ವಾಲ್ವನ್ನು ಪರವಾನಗಿ ಇರುವವರಿಗೇ ಬಿಡಿ.

ಮೊದಲ ನೀರು

ತಳದ ಕೆಳಗೆ ಬಣ್ಣವಿಲ್ಲದ ಕಾರ್ಡ್‌ಬೋರ್ಡ್ ಹಾಸಿ, ಬಟ್ಟೆಯಿಲ್ಲದೆ ಉಗುರುಬೆಚ್ಚಗಿನ ನೀರಿನಲ್ಲಿ ಒಂದು ಸೈಕಲ್ ಓಡಿಸಿ. ಕಲೆ ಎಲ್ಲಿ ಬಿತ್ತೋ ಅದರ ನೇರ ಮೇಲೆ ಹುಡುಕಿ. ಪಂಪಿನ ಸಣ್ಣ ಕಿಂಡಿಯಿಂದ ಹನಿ ಬಂದರೆ ಪಂಪ್ ಸೀಲ್, ಮಧ್ಯದಿಂದ ಬಂದರೆ ಟಬ್ ಸೀಲ್. ನಂತರ ಹಳೆಯ ಟವೆಲ್‌ಗಳೊಂದಿಗೆ ಎರಡು ಮೂರು ಲೋಡ್ ಹಾಕಿ, ಸ್ಪಿನ್ ವೇಗ ಏರುವಾಗ ಪಕ್ಕದಲ್ಲೇ ನಿಂತು ನೋಡಿ. ಮೇಟ್ಯಾಗ್ ಮಾಡೆಲ್ ಇ ತರಹದ ಅಲ್ಯೂಮಿನಿಯಂ ಟಬ್ಬಿಗೆ ವಾಷಿಂಗ್ ಸೋಡಾ ಹಾಕಿದರೆ ಲೋಹ ಕಪ್ಪಾಗಿ ಕೊರೆಯುತ್ತದೆ. ಸೌಮ್ಯ ಡಿಟರ್ಜೆಂಟ್ ಸಾಕು. ಹಳೆಯ ಫ್ರಂಟ್ ಲೋಡರಿಗೆ ಕಡಿಮೆ ನೊರೆಯದ್ದೇ ಬೇಕು.

ಹೊರ ಮೈಯನ್ನು ಕೊನೆಗೆ ಮುಟ್ಟಿ. ಮೂಲ ಎನಾಮೆಲ್ ಉಳಿದಿದ್ದರೆ ಬಣ್ಣ ಬಳಿಯದೆ ಕಾರ್ ಪಾಲಿಶ್‌ನಿಂದ ಉಜ್ಜಿ ಬಿಡಿ. ಹೊಸ ಬಣ್ಣದ ಯಂತ್ರಕ್ಕಿಂತ ಹಳೆ ಹೊಳಪಿನದ್ದಕ್ಕೇ ಸಂಗ್ರಾಹಕರಲ್ಲಿ ಮರ್ಯಾದೆ. ಕಂಪನಿಯ ಸ್ಟಿಕ್ಕರ್ ಅಕ್ಷರಗಳ ಮೇಲೆ ಥಿನ್ನರ್ ತಾಗಿದರೆ ಅಳಿಸಿಹೋಗುತ್ತವೆ. ಬಳಸದೆ ಇಡುವಾಗ ಟಬ್ ಒರೆಸಿ ಮುಚ್ಚಳ ತೆರೆದಿಡಿ, ರಿಂಗರಿನ ಒತ್ತಡ ಪೂರ್ತಿ ಸಡಿಲಿಸಿ. ಒತ್ತಿಕೊಂಡೇ ಬಿಟ್ಟರೆ ರೋಲರ್ ಒಂದು ಕಡೆ ಚಪ್ಪಟೆಯಾಗುತ್ತದೆ. ತಿಂಗಳಿಗೊಮ್ಮೆ ಹತ್ತು ನಿಮಿಷ ನೀರು ಹಾಕಿ ಓಡಿಸಿದರೆ ಸೀಲಿನ ತುಟಿ ಒಣಗಿ ಅಂಟುವುದಿಲ್ಲ.