ಎಂಸಿಬಿಗಳನ್ನೆಲ್ಲ ಇಳಿಸಿದರೂ ನಿಲ್ಲದ ಆರ್‌ಸಿಸಿಬಿ: ನನ್ನ ಅನುಭವ

ಕಳೆದ ಆಷಾಢದಲ್ಲಿ ತೀರ್ಥಹಳ್ಳಿ ಸಮೀಪದ ಅಡಿಕೆ ಬೆಳೆಗಾರರೊಬ್ಬರು ನನ್ನನ್ನು ಕರೆಸುವ ಹೊತ್ತಿಗೆ, ಅವರ ಮನೆಯ, ಕರೆಂಟು ನೆಲಕ್ಕೆ ಸೋರಿದರೆ ತಾನೇ ಸಂಪರ್ಕ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿಯನ್ನು ಎರಡು ಬಾರಿ ಬದಲಿಸಿ ಸುಮಾರು ನಾಲ್ಕೂವರೆ ಸಾವಿರ ರೂಪಾಯಿ ಖರ್ಚಾಗಿತ್ತು. ಮಧ್ಯಾಹ್ನ ಹೇಗೋ ನಿಲ್ಲುತ್ತಿದ್ದ ಲಿವರ್, ಸಂಜೆ ಏಳರ ಸುಮಾರಿಗೆ ಒಂದೊಂದು ಸರ್ಕ್ಯೂಟಿನ ಸ್ವಿಚ್ಚಾದ ಎಂಸಿಬಿಗಳನ್ನೆಲ್ಲ ಇಳಿಸಿದ್ದರೂ ಎತ್ತಿದೊಡನೆ ಬೀಳುತ್ತಿತ್ತು. ಬೇಸತ್ತ ಮನೆಯವರು ಆರ್‌ಸಿಸಿಬಿಯನ್ನೇ ತಪ್ಪಿಸಿ ನೇರ ಸಂಪರ್ಕ ಮಾಡಿಸಿಕೊಂಡಿದ್ದರು. ಒದ್ದೆ ನೆಲದ ಬಚ್ಚಲಿನಲ್ಲಿ ಗೀಸರ್ ಇರುವ ಮನೆಯಲ್ಲಿ ಅದನ್ನು ಕಂಡು ನನಗೆ ನಿಜಕ್ಕೂ ಭಯವಾಯಿತು.

ಮೊದಲ ದಿನ ನಾನೂ ಸೋತೆ. ಪೆಟ್ಟಿಗೆಯಲ್ಲಿದ್ದ ನನ್ನದೇ ಆರ್‌ಸಿಸಿಬಿಯನ್ನು ಹಾಕಿದೆ, ಅದೂ ಬಿತ್ತು. ಗೀಸರ್, ಬಾವಿಯ ಪಂಪು, ಇನ್ವರ್ಟರ್ ಎಂದು ಒಂದೊಂದನ್ನೇ ಬಿಚ್ಚಿ ಅರ್ಧ ದಿನ ಕಳೆದೆ. ಕೊನೆಗೆ ಹೊರಹೋಗುವ ಎರಡೂ ತಂತಿಗಳನ್ನು ಕಳಚಿದಾಗ ಲಿವರ್ ನಿಂತಿತು, ಟೆಸ್ಟ್ ಬಟನ್ನೂ ಕೆಲಸ ಮಾಡಿತು. ದೋಷ ಮನೆಯ ವೈರಿಂಗಿನಲ್ಲಿದೆ, ಅದೂ ನ್ಯೂಟ್ರಲಿನಲ್ಲಿ, ಅಂದರೆ ಕರೆಂಟು ಮರಳುವ ತಂತಿಯಲ್ಲಿದೆ ಎಂದು ನಾನು ಹೇಳಿದಾಗ, ಹಿಂದೆ ಕೆಲಸ ಮಾಡಿದ್ದವರು, “ಫೇಸೇ ಇಲ್ಲದ ಮೇಲೆ ಲೀಕೇಜ್ ಎಲ್ಲಿಂದ ಬರ್ತದೆ ಮಾರಾಯ್ರೇ?” ಎಂದು ಕೇಳಿದರು. ಸಿಂಗಲ್ ಪೋಲ್ ಎಂಸಿಬಿ ಕಡಿಯುವುದು ಕರೆಂಟು ತರುವ ಫೇಸನ್ನು ಮಾತ್ರ. ನ್ಯೂಟ್ರಲ್ ತಂತಿಯು, ಎಲ್ಲ ನ್ಯೂಟ್ರಲ್ ಸೇರುವ ಲಿಂಕ್ ಪಟ್ಟಿಯಲ್ಲೇ ಉಳಿದಿರುತ್ತದೆ, ಅದರ ಮೂಲಕವೂ ಕರೆಂಟು ಸೋರಬಹುದು.

ಮರುದಿನ ಮೇನ್ ಇಳಿಸಿ, ಲಿಂಕಿನಿಂದ ಹನ್ನೊಂದು ನ್ಯೂಟ್ರಲ್‌ಗಳನ್ನೂ ಕಳಚಿ, ಇನ್ವರ್ಟರ್ ಮತ್ತು ಎಲ್‌ಇಡಿ ದೀಪಗಳನ್ನು ಬೇರ್ಪಡಿಸಿ, ಪ್ರತಿಯೊಂದನ್ನೂ ಅರ್ಥಿಂಗಿಗೆ ಎದುರಾಗಿ ತಂತಿಯ ಹೊದಿಕೆ ಸೋರುತ್ತಿದೆಯೇ ಎಂದು ತೋರಿಸುವ 500 ವೋಲ್ಟಿನ ಮೆಗ್ಗರಿನಿಂದ ಅಳೆದೆ. ಹತ್ತು ನ್ಯೂಟ್ರಲ್‌ಗಳು ಐದು ಮೆಗಓಮಿಗಿಂತ ಮೇಲಿದ್ದವು. ಹೊರಜಗಲಿಯ ದೀಪದ್ದು ಮಾತ್ರ ಸೊನ್ನೆ ತೋರಿಸಿತು. ಸಣ್ಣ ಅಳತೆಯನ್ನೂ ತೋರಿಸುವ ಮಲ್ಟಿಮೀಟರಿನಲ್ಲಿ ಸುಮಾರು 110 ಓಮ್ ಬಂತು. ಸೂರಿನಡಿಯ ತುಕ್ಕು ಹಿಡಿದ ಕಬ್ಬಿಣದ ಬಾಕ್ಸಿನಲ್ಲಿ, ಮುಚ್ಚಳದ ಸ್ಕ್ರೂ ನ್ಯೂಟ್ರಲಿನ ಹೊದಿಕೆಯನ್ನು ಕಚ್ಚಿತ್ತು. ಗೋಡೆ ಒಡೆಯದೆ ನೇರವಾಗಿ ಆ ಬಾಕ್ಸಿಗೇ ಹೋಗಿದ್ದು ಹೇಗೆಂಬುದನ್ನು ಇಲ್ಲಿ ಬಿಡಿಸಿ ಬರೆಯುವುದಿಲ್ಲ. ಅದು ನನ್ನ ಹೊಟ್ಟೆಪಾಡಿನ ವಿದ್ಯೆ.

ಕುತೂಹಲಕ್ಕೆಂದು ಆ ಜಾಗವನ್ನು ಹೇರ್ ಡ್ರೈಯರಿನಿಂದ ಒಣಗಿಸಿದಾಗ ಅಳತೆ ಸಾವಿರಾರು ಓಮಿಗೆ ಏರಿತು, ಆದರೆ ರಾತ್ರಿಯ ಮಳೆಯ ನಂತರ ಮತ್ತೆ ಇಳಿದಿತ್ತು. ಒಳಬರುವ ನ್ಯೂಟ್ರಲಿಗೂ ಮನೆಯ ಅರ್ಥಿಂಗಿಗೂ ನಡುವಿನ ವೋಲ್ಟೇಜ್ ಮಧ್ಯಾಹ್ನ ಒಂದೂವರೆಯಷ್ಟಿದ್ದು, ಊರಿನ ಲೋಡ್ ಹೆಚ್ಚುವ ಸಂಜೆಗೆ ಐದರ ಹತ್ತಿರ ಹೋಗುತ್ತಿತ್ತು. ಐದು ವೋಲ್ಟಿಗೆ ಆ ಸ್ಕ್ರೂ, ಬಾಕ್ಸುಗಳ ದಾರಿಯಲ್ಲಿ ನ್ಯೂಟ್ರಲಿನಿಂದ ನೆಲಕ್ಕೆ ನಲವತ್ತು ಮಿಲಿ ಆಂಪಿಯರಿನಷ್ಟು ಹರಿಯುತ್ತದೆ, ಲಿವರ್ ಬೀಳಲು ಮೂವತ್ತೇ ಸಾಕು. ಸಂಜೆಯೇ ಬೀಳುತ್ತಿದ್ದುದಕ್ಕೆ ಕಾರಣ ಅದು.

ಹನ್ನೆರಡು ಮೀಟರ್ ಹೊಸ ತಂತಿ ಎಳೆದು, ಪಿವಿಸಿ ಬಾಕ್ಸ್ ಕೂರಿಸಿ, ಆರ್‌ಸಿಸಿಬಿಯನ್ನು ಮತ್ತೆ ಜೋಡಿಸಿದೆ. ಸಾಮಾನಿಗೆ ಏಳುನೂರು, ಕೂಲಿಗೆ ಸಾವಿರದ ಎಂಟುನೂರು ತೆಗೆದುಕೊಂಡೆ; ಸೋತ ಮೊದಲ ದಿನದ ಕೂಲಿಯನ್ನು ಕೇಳಲಿಲ್ಲ. ಹಾಳಾಗಿದೆಯೆಂದು ಹಿಂದೆ ತೆಗೆದಿಟ್ಟಿದ್ದ ಎರಡೂ ಆರ್‌ಸಿಸಿಬಿಗಳನ್ನು ಅಲ್ಲೇ ಪರೀಕ್ಷಿಸಿದೆ. ಎರಡೂ ಸರಿಯಾಗಿದ್ದವು, ಒಂದನ್ನು ಅವರ ಅಡಿಕೆ ಮನೆಯ ಡಿಬಿಗೆ (ಎಂಸಿಬಿಗಳಿರುವ ಪೆಟ್ಟಿಗೆಗೆ) ಹಾಕಿ ಬಂದೆ.