ಮೊದಲ ಸಿನಿಮಾ ಗೆದ್ದ ಹುಡುಗಿ ಬರೆದಿಡಬೇಕಾದ ಲೆಕ್ಕ

22 ವರ್ಷದಿಂದ ನಾಯಕಿಯರ ತಲೆ ಬಾಚುತ್ತಿದ್ದೇನೆ. ಸೆಟ್ಟಿನಲ್ಲಾದರೆ ನಿನ್ನನ್ನು ಮೇಡಂ ಅಂತಲೇ ಕರೆಯಬೇಕು, ಇಲ್ಲಿ ಮಗಳೇ ಅನ್ನುತ್ತೇನೆ. ಸಿನಿಮಾ ಗೆದ್ದರೆ ಹೆಸರು ಒಂದು ವಾರದಲ್ಲಿ ಬರುತ್ತದೆ. ದುಡ್ಡು ಅಷ್ಟು ಬೇಗ ಬರುವುದಿಲ್ಲ. ಆ ನಡುವಿನ ದಿನಗಳಲ್ಲಿ ಅಪ್ಪ ಕೂಡಿಟ್ಟದ್ದು ಕರಗುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ಮೊದಲು ಒಂದು ನೋಟ್‌ಬುಕ್ ತಗೋ. ಒಬ್ಬ ಹುಡುಗಿ ತನ್ನದನ್ನು ನನಗೆ ತೋರಿಸಿದ್ದಳು. ಸಂಭಾವನೆ 3 ಲಕ್ಷ. ಕೊನೆಯ ಕಂತು 75,000 ಬರಲೇ ಇಲ್ಲ. ಬಂದದ್ದರಲ್ಲಿ ಶೇ 10 ಟಿಡಿಎಸ್ (ಕೊಡುವಾಗಲೇ ಹಿಡಿದುಕೊಳ್ಳುವ ತೆರಿಗೆ) ಹೋಗಿ ಕೈಗೆ ಸಿಕ್ಕಿದ್ದು 2,02,500. ಬಿಡುಗಡೆಯ ಸುತ್ತಮುತ್ತ ನಾಲ್ಕು ತಿಂಗಳ ಖರ್ಚು 1,40,000: ಬಾಡಿಗೆ ಗೌನ್, ಮೇಕಪ್, ಊರೂರಿಗೆ ಕಾರು. ಒಂದೇ ಸೀರೆಯನ್ನು ಎರಡು ಸಮಾರಂಭಕ್ಕೆ ಉಟ್ಟಿದ್ದಕ್ಕೆ ಜನ ಆಡಿಕೊಂಡರು ಅಂತ ಮೂರನೆಯದಕ್ಕೆ ಸಾಲ ಮಾಡಿದ್ದಳು. ನಾಯಕನಿಗೆ ಅದೇ ಜೀನ್ಸ್ ನಡೆಯುತ್ತದೆ, ಯಾರೂ ಕೇಳುವುದಿಲ್ಲ.

ಆದ್ದರಿಂದ ಅಗ್ರಿಮೆಂಟಿಗೆ ಸಹಿ ಹಾಕುವ ಮೊದಲೇ ಪ್ರಚಾರದ ದಿನಗಳು ಎಷ್ಟು, ಆ ದಿನಗಳ ಬಟ್ಟೆ, ಕಾರು, ಮೇಕಪ್‌ನವರ ಸಂಬಳ ಯಾರದು ಅಂತ ಬರೆಸು. ಬಾಯಿಮಾತಿಗೆ ಒಪ್ಪಬೇಡ. ಬಾಕಿ ಪೂರ್ತಿ ಡಬ್ಬಿಂಗಿಗೆ ಮೊದಲು ಅಂತಲೂ ಬರೆಸು. ನಿನ್ನ ಧ್ವನಿ ನೀನೇ ಕೊಡುವುದಾದರೆ ಅಲ್ಲಿಯವರೆಗೆ ಅವರಿಗೆ ನೀನು ಬೇಕು. ಬೇರೆಯವರಿಂದ ಡಬ್ ಮಾಡಿಸಿದರೆ ಆ ಹಿಡಿತ ತಪ್ಪಿತು, ಆಗ ಶೂಟಿಂಗ್ ಮುಗಿಯುವ ಮೊದಲೇ ತಗೋ. ವರ್ಷಕ್ಕೊಮ್ಮೆ ರಿಟರ್ನ್ಸ್ ಹಾಕು, ಹೆಚ್ಚು ಕಡಿತವಾದ ಟಿಡಿಎಸ್ ವಾಪಸ್ ಬರುತ್ತದೆ. ವರ್ಷದ ದುಡಿಮೆ 20 ಲಕ್ಷ ದಾಟಿದರೆ ಶೇ 18 ಜಿಎಸ್‌ಟಿ ಶುರು. ಸಂಭಾವನೆಯ ಮೇಲೆ ಅದು ಪ್ರತ್ಯೇಕ ಅಂತ ಮೊದಲೇ ಹೇಳಿಬಿಡು.

ಇನ್ನು ದೇಹದ ಲೆಕ್ಕ. ಸಕಲೇಶಪುರದ ಕಡೆ ಒಂದು ಔಟ್‌ಡೋರ್‌ನಲ್ಲಿ ಶೌಚಾಲಯವಿರುವ ಗಾಡಿ, ಕ್ಯಾರವಾನ್, ಗುಡ್ಡ ಹತ್ತಲಾಗದೆ ರಸ್ತೆಯಲ್ಲೇ ನಿಂತಿತು. ನಾಯಕಿ ಬೆಳಗಿನಿಂದ ಒಂದು ಗುಟುಕು ನೀರು ಕುಡಿದಿರಲಿಲ್ಲ. ಮೂರನೇ ದಿನಕ್ಕೆ ಮೂತ್ರದ ಉರಿ, ಜ್ವರ. ಆ ಜ್ವರದಲ್ಲೇ ಹಾಡು ಮುಗಿಸಿದಳು. ಮಲಯಾಳಂ ಚಿತ್ರರಂಗದ ಬಗ್ಗೆ ಹೇಮಾ ಸಮಿತಿ 2019ರಲ್ಲಿ ಕೊಟ್ಟ ವರದಿ 2024ರ ಆಗಸ್ಟಿನಲ್ಲಿ ಹೊರಬಂದಾಗ ಅದರಲ್ಲೂ ಇದೇ ಇತ್ತು: ಶೌಚಾಲಯವಿಲ್ಲ ಅಂತ ಹೆಣ್ಣುಮಕ್ಕಳು ನೀರು ಬಿಟ್ಟಿರುವುದು. ಹಿಂದಿನ ರಾತ್ರಿಯೇ ಪ್ರೊಡಕ್ಷನ್ ಮ್ಯಾನೇಜರಿಗೆ ಫೋನ್ ಮಾಡಿ ಜಾಗ ಎಲ್ಲಿದೆ ಕೇಳು. ಹತ್ತಿರದ ಒಂದು ಮನೆಯವರನ್ನು ಕೇಳಿಕೊಂಡರೂ ಆಗುತ್ತದೆ. ನಿನಗೆ ಸಿಕ್ಕಿದರೆ ನಮಗೂ, ಜೂನಿಯರ್ ಹುಡುಗಿಯರಿಗೂ ಸಿಗುತ್ತದೆ.

ಹತ್ತು ಜನಕ್ಕಿಂತ ಕಡಿಮೆ ಇಲ್ಲದ ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಪ್ರಕಾರ ದೂರು ಸಮಿತಿ ಇರಲೇಬೇಕು. ಅದರಲ್ಲಿ ಯಾರಿದ್ದಾರೆ ಅಂತ ಮುಹೂರ್ತದ ದಿನವೇ ಕೇಳಿ ಬರೆದಿಟ್ಟುಕೋ. ಯಾರಾದರೂ ಕೆಟ್ಟದಾಗಿ ನಡೆದುಕೊಂಡರೆ ಮೂರು ತಿಂಗಳೊಳಗೆ ಬರಹದಲ್ಲಿ ದೂರು ಕೊಡಬೇಕು. ಸಮಿತಿ ಇಲ್ಲದಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗು.

ಫೋಟೊ ತಿರುಚುವವರ ಕಾಟವೂ ಬರುತ್ತದೆ. 2023ರ ನವೆಂಬರಿನಲ್ಲಿ ನಮ್ಮ ಕೊಡಗಿನ ರಶ್ಮಿಕಾ ಮಂದಣ್ಣ ಅವರ ಮುಖವನ್ನೇ ಬೇರೊಬ್ಬಳ ಮೈಗೆ ಅಂಟಿಸಿದ್ದರು. ಹಾಗಾದರೆ ಅಳುತ್ತಾ ಅಳಿಸಬೇಡ. ಮೊದಲು ಸ್ಕ್ರೀನ್‌ಶಾಟ್, ಲಿಂಕ್, ಹೊತ್ತು ಬರೆದಿಟ್ಟುಕೊಂಡು ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದೂರು ಹಾಕು. ಅಮ್ಮನಿಗೆ ನೀನೇ ಹೇಳು, ಪಕ್ಕದ ಮನೆಯವರಿಂದ ಗೊತ್ತಾಗುವುದು ಬೇಡ.

ಕೊನೆಗೆ ನನ್ನ ಕಸುಬಿನ ಮಾತು. ಹನ್ನೆರಡು ಗಂಟೆ ಚೌರಿ ಕೂದಲಿನ ಎಕ್ಸ್‌ಟೆನ್ಷನ್ ಕ್ಲಿಪ್ ಜಗ್ಗಿದರೆ ಕಿವಿಯ ಮೇಲಿನ ಕೂದಲು ಬೇರುಸಹಿತ ಬರುತ್ತದೆ. 24ರ ಹುಡುಗಿಯ ನೆತ್ತಿಯ ಬದಿ ಬೋಳಾದದ್ದನ್ನು ಕಪ್ಪು ಪುಡಿಯಿಂದ ಮುಚ್ಚಿದ್ದೇನೆ. ಊಟದ ಬಿಡುವಿನಲ್ಲಿ ಬಿಚ್ಚಿ ಅಂತ ಕೇಳು. ನಾವು ಇಲ್ಲ ಅನ್ನುವುದಿಲ್ಲ, ಶಾಟ್‌ಗೆ ಕಾಲು ಗಂಟೆ ಮೊದಲು ಬಂದು ಕೂತರೆ ಸಾಕು.